ಒಂದೇ ಹಲಗೆಯ ರೆಹಲು

ನಾನು ಒಂದು ರೆಹಲು. ಕುರಾನನ್ನು ನೆಲಕ್ಕೆ ತಾಗಿಸದೆ ತೆರೆದಿಟ್ಟು ಓದಲಿಕ್ಕೆಂದು ಮಾಡಿದ ಮಡಚುವ ಪೀಠ. ಬಿಚ್ಚಿ ನಿಲ್ಲಿಸಿದರೆ ಯಾರೋ ಬೊಗಸೆ ಹಿಡಿದ ಹಾಗೆ ಕಾಣುತ್ತೇನೆ. ಮಡಚಿದರೆ ಬರೀ ಒಂದು ಹಲಗೆ. ನನಗೆ ಓದು ಬರದು. ಹುಟ್ಟಿದಾಗಿನಿಂದ ಪುಸ್ತಕ ಹೊತ್ತೇ ಬದುಕಿದರೂ ಒಂದಕ್ಷರ ತಲೆಗೆ ಹತ್ತಲಿಲ್ಲ. ಆದರೆ ಕೇಳಿದ್ದನ್ನು ಮರೆಯುವುದಿಲ್ಲ. ಮರದ ಜಾತಿಯೇ ಹಾಗೆ. ಮಳೆ ಬಂದ ವರ್ಷವನ್ನೂ ಬಾರದ ವರ್ಷವನ್ನೂ ಒಳಗೊಳಗೇ ಗೆರೆ ಎಳೆದು ಇಟ್ಟುಕೊಂಡಿರುತ್ತದೆ.

ನಾನು ರೆಹಲು ಆದದ್ದು ಬೆಟಗೇರಿಯಲ್ಲಿ, ಮೌನಪ್ಪ ಬಡಿಗೇರನ ಕೈಯಲ್ಲಿ. ಅದಕ್ಕೂ ಮೊದಲು ಯಾವುದೋ ವಾಡೆಯ ಬಾಗಿಲಲ್ಲಿ ಸಾಗುವಾನಿ ಹಲಗೆಯಾಗಿದ್ದೆ. ವಾಡೆ ಕೆಡವಿದಾಗ ಮೌನಪ್ಪ ಕೊಂಡು ತಂದು ಮೂಲೆಗೆ ಒರಗಿಸಿದ್ದ. ಒಂದು ಮುಂಜಾನೆ ಬುಡನಸಾಬ ನದಾಫ ಬಂದು ಕಟ್ಟೆಯ ಮೇಲೆ ಕೂತ. ಬುಡನಸಾಬ ಅರಳೆ ಹಿಂಜಿ ಗಾದಿ ಹೊಲಿಯುವವನು. ಮದುವೆಯಾಗಿ ಇನ್ನೂ ಹೊಸತು. ಅವನ ಹೆಂಡತಿ ದಾವಲಬಿ ತವರಿನಿಂದ ಹಸಿರು ಬಟ್ಟೆಯಲ್ಲಿ ಸುತ್ತಿದ ಕುರಾನ್ ತಂದಿದ್ದಳು. ಇಟ್ಟು ಓದಲು ರೆಹಲಿರಲಿಲ್ಲ. ಗಾದಿಯವರ ಮನೆ ನೋಡಿ, ದಿಂಬಿನ ಮೇಲೆ ಇಟ್ಟು ಓದುತ್ತಿದ್ದಳು.

"ಇದಕ್ಕೇನ ದೊಡ್ಡ ಮಾತು ಬುಡನಸಾಬ?" ಎಂದ ಮೌನಪ್ಪ. "ನಮ್ಮಾಗ ವ್ಯಾಸಪೀಠ ಅಂತಾರ ಇದಕ್ಕ. ಮಠದ ಅಜ್ಜಾರಿಗೆ ಮಾಡಿಕೊಟ್ಟೇನಿ. ನಿನ್ನ ಮನಿಯಾಕಿಗೂ ಮಾಡಿಕೊಡ್ತೇನಿ ತಗೊ."

"ಎರಡು ಹಲಗಿ ಕೂಡಿಸಿ ಮಳಿ ಹೊಡದಬಿಡೋ ಮಾರಾಯಾ. ಲಗೂನ ಆಕ್ಕೈತಿ."

"ಮಳಿ ಹೊಡದ್ರ ಸ್ಟೂಲ್ ಆಕ್ಕೈತಿ. ನಿನಗ ಸ್ಟೂಲ್ ಬೇಕೇನು?"

ಮೌನಪ್ಪನ ಕೆಲಸದ ರೀತಿಯೇ ಬೇರೆ. ಒಂದೇ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ದಪ್ಪವನ್ನು ಈ ತುದಿಯಿಂದ ನಡುವಿನ ಹತ್ತಿರದವರೆಗೆ ಸೀಳಿದ. ತಿರುಗಿಸಿ ಆ ತುದಿಯಿಂದಲೂ ಹಾಗೇ ಸೀಳಿದ. ನಡುವೆ ಸೀಳದೆ ಉಳಿದ ಒಂದಿಷ್ಟು ಜಾಗದಲ್ಲಿ ಉಳಿಯಿಂದ ಬೆರಳುಗಳನ್ನು ಕೆತ್ತಿದ. ಒಂದು ಮಗ್ಗುಲಿನ ಬೆರಳು ಇನ್ನೊಂದು ಮಗ್ಗುಲಿನ ಬೆರಳಿನ ಸಂದಿನಲ್ಲಿ ಕೂತಿರುವಂತೆ. ಕೊನೆಗೆ ಎರಡೂ ಮಗ್ಗುಲು ಹಿಡಿದು ಮೆಲ್ಲಗೆ ಎಳೆದ. ನಾನು ಕಿರ್ ಎಂದು ತೆರೆದುಕೊಂಡೆ. ಮೊಳೆಯಿಲ್ಲ, ಅಂಟಿಲ್ಲ. ಎರಡು ಮಗ್ಗುಲಾದೆ, ಆದರೆ ಬೇರೆಯಾಗಲಿಲ್ಲ.

ಬುಡನಸಾಬನ ಮನೆಯಲ್ಲಿ ನನಗೆ ಸುಖವಿತ್ತು. ಹೊರಗಿನ ಪಡಸಾಲೆಯಲ್ಲಿ ಅವನ ಹಿಂಜುವ ಬಿಲ್ಲು ದಿನವಿಡೀ ಟೊಂಯ್ ಟೊಂಯ್ ಅನ್ನುತ್ತಿತ್ತು. ಅರಳೆಯ ಎಳೆ ಹಾರಿ ಬಂದು ನನ್ನ ಬೆರಳ ಸಂದಿಯಲ್ಲಿ ಕೂರುತ್ತಿತ್ತು. ದಾವಲಬಿ ಸೆರಗಿನ ತುದಿಯಿಂದ ಒರೆಸುತ್ತಿದ್ದಳು. ಬೆಳಗಿನ ನಮಾಜು ಮುಗಿಸಿ ಕುರಾನ್ ನನ್ನ ಮೇಲಿಟ್ಟು ಓದುತ್ತಿದ್ದಳು. ಅರಬಿ ಅಕ್ಷರ ಅವಳಿಗೆ ಗೊತ್ತು, ಮಾತಿನ ಅರ್ಥ ಗೊತ್ತಿಲ್ಲ. ಅದರೊಳಗಿನ ನಬಿಗಳ, ಅಂದರೆ ಪ್ರವಾದಿಗಳ, ಕತೆಗಳು ಮಾತ್ರ ತಾಯಿ ಹೇಳಿಕೊಟ್ಟು ಕನ್ನಡದಲ್ಲೇ ಬಾಯಿಗೆ ಬಂದಿದ್ದವು. ಆ ಮನೆಯಲ್ಲಿ ಒಂದು ಕಟ್ಟಳೆ: ನನ್ನ ಮೇಲೆ ಕುರಾನ್ ಬಿಟ್ಟರೆ ಬೇರೇನೂ ಇಡಬಾರದು. ಒಮ್ಮೆ ಬುಡನಸಾಬ ಬೀಡಿಯ ಕಟ್ಟು ಇಟ್ಟು, ಅವತ್ತು ಊಟದ ಹೊತ್ತಿಗೆ ಹೆಂಡತಿಯಿಂದ ಒಂದು ಮಾತೂ ಕೇಳದೆ ರೊಟ್ಟಿ ತಿಂದಿದ್ದ.

ಶುಕ್ರವಾರ ಮಧ್ಯಾಹ್ನ ಓಣಿಯ ಹೆಂಗಸರು ಅರಳೆ ಬಿಡಿಸುತ್ತ ಕತೆಗೆ ಕೂರುತ್ತಿದ್ದರು. ಪಕ್ಕದ ಮನೆಯ ಲೇಯಮ್ಮನೂ ಬರುತ್ತಿದ್ದಳು. ಲೇಯಮ್ಮ ಕ್ರೈಸ್ತಳು, ಕನ್ನಡ ಸಾಲೆಯಲ್ಲಿ ಅಕ್ಕೋರು. ಅವಳಿಗೆ ಬೈಬಲ್ ನೀರು ಕುಡಿದಷ್ಟು ಸರಾಗ. ಕತೆ ಯೂಸುಫ್ ನಬಿಯದಾದರೆ ಇಬ್ಬರಿಗೂ ತಕರಾರು ಖಂಡಿತ. ಯೂಸುಫನನ್ನು ಗುಲಾಮನಾಗಿ ಕೊಂಡವನ ಹೆಂಡತಿ ಅವನ ಬೆನ್ನು ಹತ್ತಿದಾಗ ಅವನು ತಪ್ಪಿಸಿಕೊಂಡು ಓಡುತ್ತಾನಲ್ಲ, ಅಲ್ಲಿ ದಾವಲಬಿಯ ಕತೆಯಲ್ಲಿ ಅವಳು ಹಿಡಿದೆಳೆದ ಅಂಗಿ ಬೆನ್ನಿನ ಕಡೆ ಹರಿಯುತ್ತದೆ.

"ನಮ್ಮಾಗ ಹಂಗಿಲ್ಲ ದಾವಲಕ್ಕ," ಎನ್ನುತ್ತಿದ್ದಳು ಲೇಯಮ್ಮ. "ನಮ್ಮ ಯೋಸೇಫ ಅಂಗಿ ಆಕಿ ಕೈಯಾಗ ಬಿಟ್ಟ ಓಡಿಹೋದ."

"ನಿಮ್ಮಾವ ಬಿಟ್ಟು ಓಡಿದ, ನಮ್ಮಾವ ಹರಕೊಂಡು ಓಡಿದ. ಇಬ್ಬರೂ ಓಡ್ಯಾರಿಲ್ಲ? ಸುಮ್ಮ ಕೇಳು."

ಹೀಗೆ ವರ್ಷಗಳು ಹೋದವು. ದಾವಲಬಿಯ ಮಗಳು ಲಗ್ನವಾಗಿ ಗಂಡನ ಮನೆ ಸೇರಿದಳು. ಬುಡನಸಾಬನ ಮೀಸೆ ಅರಳೆಯದೋ ಅವನದೋ ತಿಳಿಯದಷ್ಟು ಬೆಳ್ಳಗಾಯಿತು. ಆಗ ಲೇಯಮ್ಮನ ಮನೆಗೆ ಜರ್ಮನಿಯಿಂದ ಒಬ್ಬ ಹುಡುಗಿ ಬಂದಳು. ಹೆಸರು ಊಟಾ. ಅವಳ ಅಜ್ಜಿ ಹಿಂದೆ ಮಿಷನ್ನಿನವರ ಜೊತೆ ಈ ಕಡೆ ಇದ್ದವಳಂತೆ. ಅಜ್ಜಿಯಿಂದ ಕಲಿತ ಪುಸ್ತಕದ ಕನ್ನಡ ಮಾತಾಡುತ್ತಿದ್ದಳು. ಓಣಿಯ ಮಕ್ಕಳು "ಊಟಾ ಬಂತು, ಊಟಾ ಬಂತು" ಎಂದು ಅವಳ ಹಿಂದೆ ಓಡಿದರೆ ಅವಳೂ ನಗುತ್ತಿದ್ದಳು. ತನ್ನ ದೇಶದಲ್ಲಿ ಅವಳು ಓದುತ್ತಿದ್ದದ್ದು ನಮ್ಮ ಕಿತಾಬನ್ನು, ಕುರಾನನ್ನು. ಅದೂ ಹಳೆಯ ಯಹೂದ್ಯರ, ಕ್ರೈಸ್ತರ ಕಿತಾಬುಗಳ ಪಕ್ಕದಲ್ಲಿಟ್ಟುಕೊಂಡು. ಓದಿಲ್ಲದವರು ಈ ಕತೆಗಳನ್ನು ಹೇಗೆ ಹೇಳುತ್ತಾರೆ ಎಂದು ಕೇಳಲು ಬಂದಿದ್ದಳು.

ಅವಳು ಬಂದ ಶುಕ್ರವಾರವೂ ಯೂಸುಫನ ಕತೆಯೇ. ಊರ ಹೆಂಗಸರು ಆಡಿಕೊಂಡಾಗ ಆ ಒಡತಿ ಅವರನ್ನೆಲ್ಲ ಮನೆಗೆ ಕರೆದು, ಕೈಗೊಂದು ಚಾಕು, ಒಂದೊಂದು ಲಿಂಬಿಹಣ್ಣು ಕೊಟ್ಟು, ಯೂಸುಫನನ್ನು ಹೊರಗೆ ಕರೆದಳು. ಅವನ ಚೆಲುವಿಗೆ ಮೈಮರೆತು ಅವರು ತಮ್ಮ ಕೈಯನ್ನೇ ಕೊಯ್ದುಕೊಂಡರು. ದಾವಲಬಿ ಹೇಳಿ ಮುಗಿಸಿದಳು.

"ಬೂಬು, ನಾನು ಒಂದು ಮಾತು ಕೇಳಬಹುದೋ?" ಎಂದು ದಾವಲಬಿಯನ್ನು ಕೇಳಿದಳು ಊಟಾ. "ಕುರಾನಿನಲ್ಲಿ ಚಾಕು ಉಂಟು. ಲಿಂಬೆಹಣ್ಣಿನ ಹೆಸರಿಲ್ಲ."

"ಹಣ್ಣಿಲ್ಲದ ಬರೇ ಚಾಕು ಕೊಡ್ತಾರೇನವಾ ಮನಿಗೆ ಬಂದವರಿಗೆ?"

"ನಮ್ಮಾಗ ಚಾಕುನೂ ಇಲ್ಲ, ಲಿಂಬಿನೂ ಇಲ್ಲ," ಎಂದಳು ಲೇಯಮ್ಮ.

"ಯಹೂದ್ಯರ ಒಂದು ಹಳೆಯ ಕತೆಯಲ್ಲಿ ಚಾಕು ಉಂಟು, ಅಂಥದೇ ಹಣ್ಣೂ ಉಂಟು," ಎಂದಳು ಊಟಾ.

ದಾವಲಬಿ ಅರಳೆ ಕೆಳಗಿಟ್ಟಳು. "ನಾ ಯಹೂದ್ಯರ ಮಾರಿನ ನೋಡಿಲ್ಲ. ನಮ್ಮವ್ವ ಲಿಂಬಿಹಣ್ಣಂತ ಹೇಳ್ತಿದ್ಲು, ನಾನೂ ಹೇಳ್ದೆ. ಕಿತಾಬಿನಾಗ ಯಾಕಿಲ್ಲ ಅಂದ್ರ... ತಿಳದ ಮಂದಿಗೆ ಎಷ್ಟಂತ ಹೇಳೂದು? ಚಾಕು ಅಂದ್ರ ಸಾಕು, ಹಣ್ಣನ್ನ ಕತಿ ಕೇಳವ್ರ ತಂದ್ಕೋತಾರ."

ಹೆಂಗಸರು ನಕ್ಕರು. ಊಟಾ ನಗಲಿಲ್ಲ. ಆ ಮಾತು ಅವಳಿಗೆ ಎಲ್ಲೋ ನಾಟಿತ್ತು. ದಾವಲಬಿ ಮಾತ್ರ ಅದನ್ನು ಅಲ್ಲೇ ಮರೆತು ಚಹಾಕ್ಕೆ ಎದ್ದಳು.

ಚಳಿಗಾಲ ಕಳೆಯುವವರೆಗೂ ಊಟಾ ಬರುತ್ತಿದ್ದಳು. ರೊಟ್ಟಿ ಬಡಿಯಲು ಕಲಿತಳು. ಅದು ಯಾವ ಆಕಾರಕ್ಕೂ ಬರುತ್ತಿರಲಿಲ್ಲ, ಬುಡನಸಾಬ ಅದನ್ನೇ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದ. ಅಷ್ಟರಲ್ಲಿ ಮಸೀದಿಯ ಆಡಳಿತ ನೋಡುವ ಮುತವಲ್ಲಿ ಲಾಲಸಾಬ ಒಂದು ದಿನ ಬಂದು ಪಡಸಾಲೆಯಲ್ಲಿ ಕೂತ. ಕೆಟ್ಟವನಲ್ಲ; ಊರ ಮಾತನ್ನು ಹೊತ್ತು ತರುವುದು ಅವನ ಪಾಲಿಗೆ ಬಂದಿತ್ತು.

"ದಾವಲವ್ವ, ಆ ಹುಡುಗಿಗೆ ಚಹಾ ಕುಡಸ್ತಿ, ರೊಟ್ಟಿ ತಿನಸ್ತಿ. ಆಕಿ ಊರಿಗೆ ಹೋಗಿ ಏನ ಬರೀತಾಳ ಗೊತ್ತೈತೇನು? ಅಲ್ಲಿಯವ್ರು ಬರಕೋತ ಬಂದದ್ದು ಒಂದ. ನಮ್ಮ ಕಿತಾಬು ಅವರಿವರದು ನೋಡಿ ಮಾಡಿದ ನಕಲು ಅಂತ. ನಾಳೆ ಇದೂ ಹಂಗ ಆದ್ರ, ಬೆಟಗೇರಿ ದಾವಲಬಿ ಹೇಳಿಕೊಟ್ಟಾಳ ಅಂತ ಮಂದಿ ಅನ್ನೂದಿಲ್ಲೇನು?"

ಅವತ್ತು ಓದುವಾಗ ದಾವಲಬಿಯ ಬೆರಳು ಸಾಲಿನ ಮೇಲೆ ನಿಂತು ನಿಂತು ಸರಿಯುತ್ತಿತ್ತು. ಆ ಬೆರಳಿನ ಭಾರ ನನಗೆ ಗೊತ್ತಾಗುತ್ತಿತ್ತು.

ಊಟಾ ಊರಿಗೆ ಹೊರಡುವ ಮುಂಚೆ ಬಂದಾಗ ದಾವಲಬಿ ನೇರವಾಗಿ ಕೇಳಿದಳು. "ನಮ್ಮದು ನಕಲು ಅಂತ ಬರೀತೀ ಏನು ತಂಗಿ?"

ಊಟಾಳ ಮುಖ ಕೆಂಪಗಾಯಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನನಗೆ ಇನ್ನೂ ಗೊತ್ತಿಲ್ಲ ಬೂಬು. ನಾನು ಕಂಡದ್ದನ್ನು ಬರೆಯಬೇಕು. ನನ್ನ ಗುರುಗಳು ಹಾಗೆ ನಂಬಿದ್ದಾರೆ."

"ನಿನ್ನ ಗುರುನ ಕೇಳ್ಲಿಲ್ಲ. ನಿನ್ನ ಕೇಳ್ದೆ."

ಹೊರಗೆ ಬಿಲ್ಲಿನ ಸದ್ದು ನಿಂತಿತ್ತು. ದಾವಲಬಿ ಎದ್ದು ಹೋಗಿ, ಕುರಾನನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟು, ನನ್ನನ್ನು ಮಡಚಿ ತಂದು ಊಟಾಳ ಮಡಿಲಲ್ಲಿಟ್ಟಳು.

"ಇದನ್ನ ಒಯ್ಯಿ. ನಮ್ಮ ಕಿತಾಬು ಇದರ ಮ್ಯಾಲ ಇಟ್ಟ ಓದು. ಏನ ಬರೀತೀ ಬರಿ, ನಾ ಬ್ಯಾಡ ಅನ್ನಂಗಿಲ್ಲ. ಬರದ ಮ್ಯಾಲ ಇದನ್ನ ತಿರುಗಿ ತಂದು ನನ್ನ ಕೈಯಾಗ ಕೊಡಬೇಕು. ನನ್ನ ಮಾರಿ ನೋಡಿ ಕೊಡೂ ಹಂಗಿದ್ರ ಅದನ್ನ ಬರಿ. ಇಲ್ಲಂದ್ರ ಬರೀಬ್ಯಾಡ."

ಬುಡನಸಾಬ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವಳು ಹೋದ ಮೇಲೆ, "ನೀ ಯಾವುದರ ಮ್ಯಾಲ ಓದ್ತಿ ಇನ್ನ?" ಎಂದನಂತೆ. "ಗಾದಿಯವನ ಹೆಣತಿಗೆ ದಿಂಬಿಗೇನ ಕಡಿಮಿ" ಎಂದಳಂತೆ ದಾವಲಬಿ. ಇದು ನನಗೆ ಬಹಳ ವರ್ಷದ ಮೇಲೆ ತಿಳಿದದ್ದು. ಆ ಮಾತು ನಡೆದಾಗ ನಾನು ಸೀರೆಯೊಂದರಲ್ಲಿ ಸುತ್ತಿಸಿಕೊಂಡು ಊಟಾಳ ಪೆಟ್ಟಿಗೆಯೊಳಗಿದ್ದೆ.

ಊಟಾಳ ಊರು ಬಹಳ ತಣ್ಣಗಿನ ಊರು. ನನ್ನ ಬೆರಳು ಬಿಗಿದುಕೊಂಡು, ತೆರೆಯುವಾಗೆಲ್ಲ ಗೊಣಗುತ್ತಿದ್ದೆ. ಅವಳ ಕೋಣೆಯಲ್ಲಿ ಗೋಡೆ ಕಾಣುತ್ತಿರಲಿಲ್ಲ, ಬರೀ ಪುಸ್ತಕ. ಮೇಜಿನ ಮೇಲೆ ಯಹೂದ್ಯರ ಪುಸ್ತಕ, ಗ್ರೀಕರ ಪುಸ್ತಕ, ಸಿರಿಯಾ ಕಡೆಯ ಕ್ರೈಸ್ತರು ದೇವಾಲಯದಲ್ಲಿ ಹಾಡುತ್ತಿದ್ದ ಪದಗಳ ಪುಸ್ತಕ, ಎಲ್ಲ ಮೈಚಾಚಿ ಮಲಗಿರುತ್ತಿದ್ದವು. ಕುರಾನ್ ಮಾತ್ರ ನನ್ನ ಮೇಲೆ ಕೂತಿರುತ್ತಿತ್ತು. ಕೊಟ್ಟ ಮಾತಿಗೆ ಅವಳು ತಪ್ಪಲಿಲ್ಲ. ಅಲ್ಲಿಯ ಭಾಷೆ ಕೇಳಿ ಕೇಳಿ ನನಗೂ ತಿಳಿಯತೊಡಗಿತು.

ಆ ದೇಶದಲ್ಲಿ ನಮ್ಮ ಕಿತಾಬನ್ನು ಓದುವವರು ಬಹುಕಾಲದಿಂದ ಇದ್ದಾರೆ. ಅದು ನಂಬಿ ಓದುವ ಓದಲ್ಲ, ಹುಡುಕಿ ಓದುವ ಓದು. ಮೊದಮೊದಲಿನ ಅನೇಕರದು ಒಂದೇ ಪ್ರಶ್ನೆ: ಇದರೊಳಗಿನ ಯಾವ ಮಾತು ಎಲ್ಲಿಂದ ಬಂತು? ಇಷ್ಟು ಯಹೂದ್ಯರದು ಎಂದು ಒಬ್ಬರು. ಅಲ್ಲ, ಕ್ರೈಸ್ತರದು ಎಂದು ಇನ್ನೊಬ್ಬರು. ಊಟಾಳ ಗುರು ಪ್ರೊಫೆಸರ್ ಹೋಲ್ಟ್ಸ್ ಆ ಕಾಲದ ಕೊನೆಯ ಕೊಂಡಿಯಂತಿದ್ದರು. ಬೆನ್ನು ಬಾಗಿದ ಮುದುಕರು, ಕೋಟಿನ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಊಟಾ ಮೊದಲು ಬರೆದದ್ದು ಅವರಿಗೆ ಒಪ್ಪುವಂತೆಯೇ ಇತ್ತು. ಪ್ರತಿ ಮಾತಿನ ಬಾಲಕ್ಕೂ ಅದು ಇಂಥವರದು ಎಂದು ಚೀಟಿ ಕಟ್ಟಿದಂತೆ. ಒಂದು ಸಂಜೆ ಅದನ್ನು ತನಗೆ ತಾನೇ ಗಟ್ಟಿಯಾಗಿ ಓದಿಕೊಂಡು, ನಡುವೆ ನಿಲ್ಲಿಸಿ ನನ್ನ ಕಡೆ ನೋಡಿದಳು.

"ಇದನ್ನು ಬೂಬುವಿನ ಮುಂದೆ ಓದಲಾರೆ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅವರಿಗೆ ನೋವಾಗುತ್ತದೆ ಎಂದಲ್ಲ. ಅವರ ಪಡಸಾಲೆಯಲ್ಲಿ ಕತೆ ಹೀಗೆ ನಡೆಯಲೇ ಇಲ್ಲ" ಎಂದಳು.

ಆಮೇಲೆ ಅವಳು ಮತ್ತೆ ಮೊದಲಿನಿಂದ ಹಿಡಿದಳು. ಲಿಂಬೆಹಣ್ಣಿನ ಬೆನ್ನು ಹತ್ತಿದಳು ಎನ್ನಿ. ಯಹೂದ್ಯರ ಆ ಚಾಕು-ಹಣ್ಣಿನ ಕತೆ ಯಾವಾಗ ಬರವಣಿಗೆಗೆ ಇಳಿಯಿತು ಎಂಬುದರಲ್ಲೇ ತಕರಾರು ಇತ್ತು. ಅದು ಕುರಾನಿಗಿಂತ ಆಮೇಲಿನದು ಇದ್ದರೂ ಇರಬಹುದು ಎನ್ನುವವರೂ ಇದ್ದರು. ಹಾಗಾದರೆ ಯಾರು ಯಾರ ಮನೆಯಿಂದ ಹಣ್ಣು ತಂದರು? "ಆ ಓಣಿಯಲ್ಲಿ ಎಲ್ಲರ ಹಿತ್ತಲಲ್ಲೂ ಆ ಗಿಡ ಇದ್ದಿರಬೇಕು" ಎಂದುಕೊಂಡಳು. ಕುರಾನ್ ಮಾತಾಡುತ್ತಿರುವುದು ಈ ಕತೆಗಳನ್ನು ಮೊದಲೇ ಕೇಳಿ ಬಲ್ಲವರ ಎದುರು. ಆದ್ದರಿಂದಲೇ ಎಷ್ಟೋ ಬಿಟ್ಟು ಹೇಳುತ್ತದೆ, ಬೇಕಾದಲ್ಲಿ ಒತ್ತಿ ಹೇಳುತ್ತದೆ, ಹಾಗಲ್ಲ ಹೀಗೆ ಎಂದು ತಿದ್ದಿಯೂ ಹೇಳುತ್ತದೆ. ಅದು ಕದ್ದವರ ಮಾತಿನ ರೀತಿಯಲ್ಲ, ಎದುರು ಕೂತವರೊಡನೆ ಆಡುವ ಮಾತಿನ ರೀತಿ. ಹೀಗೆ ಬರೆದು ಗಟ್ಟಿಯಾಗಿ ಓದಿಕೊಂಡಳು. ಆ ದೇಶದಲ್ಲಿ ಈ ದಾರಿ ಹಿಡಿದವರು ಅವಳೊಬ್ಬಳೇ ಅಲ್ಲವಂತೆ, ಬೇರೆಯವರೂ ಇದ್ದರಂತೆ. ಆದರೆ ಅವಳಿಗೆ ಆ ದಾರಿ ತೋರಿದ್ದು ಬೆಟಗೇರಿಯಿಂದ.

ಪ್ರೊಫೆಸರ್ ಹೋಲ್ಟ್ಸ್ ಓದಿ ಸಿಟ್ಟಾದರು. ಕೋಣೆಗೆ ಬಂದು ಕೂತು ಬಹಳ ಹೊತ್ತು ವಾದ ಮಾಡಿದರು. ಮಾತು ಸೋತಾಗ ಅವರ ಕೈ ನನ್ನ ಮೇಲೆ ಬಿತ್ತು. ಕುರಾನ್ ಆಗ ಕಪಾಟಿನಲ್ಲಿತ್ತು. ನನ್ನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದರ ಜೋಡಣೆ ಎಲ್ಲಿದೆ?"

"ಜೋಡಣೆ ಇಲ್ಲ ಸರ್. ಒಂದೇ ಹಲಗೆ."

"ಹಾಗಂತ ಮಾರುವವರು ಹೇಳುತ್ತಾರೆ. ಎರಡು ಹಲಗೆ ಇರಲೇಬೇಕು. ಯಾವುದಕ್ಕೆ ಯಾವುದನ್ನು ಸೇರಿಸಿದ್ದಾರೆ, ಅಷ್ಟು ಗೊತ್ತಾದರೆ ಆಯಿತು."

ಭೂತಗನ್ನಡಿ ತೆಗೆದರು. ಸಂದು ಕಾಣಲೆಂದು ನನ್ನ ಎರಡೂ ಮಗ್ಗುಲನ್ನು ಅಗಲಿಸಿದರು. ಇನ್ನೂ ಅಗಲಿಸಿದರು. ಮೌನಪ್ಪ ನನ್ನನ್ನು ಅಷ್ಟು ತೆರೆಯಲೆಂದು ಮಾಡಿರಲಿಲ್ಲ. ಟಕ್ ಎಂದಿತು. ನನ್ನ ಒಂದು ಬೆರಳು ಸೀಳಿತು.

ಊಟಾ ಮುಖ ಮುಚ್ಚಿಕೊಂಡಳು. ಮುದುಕರು ಮೆಲ್ಲನೆ ಕುರ್ಚಿಯಲ್ಲಿ ಕುಸಿದು, ಸೀಳಿದ ಜಾಗಕ್ಕೆ ಗಾಜು ಹಿಡಿದರು. ಮರದ ಗೆರೆಗಳು ಈ ಮಗ್ಗುಲಿನಲ್ಲಿ ಹೇಗಿದ್ದವೋ ಆ ಮಗ್ಗುಲಿನಲ್ಲೂ ಹಾಗೇ ಮುಂದುವರಿದಿದ್ದವು.

"ಒಂದೇ ಹಲಗೆ," ಎಂದರು ಅವರು, ಬಹಳ ಸಣ್ಣ ದನಿಯಲ್ಲಿ.

ಮರುದಿನ ಅಂಟು, ಸಣಬಿನ ದಾರ ಹಿಡಿದು ಬಂದರು. ಅವರ ಅಪ್ಪ ಪುಸ್ತಕದ ರಟ್ಟು ಕಟ್ಟುವವರಾಗಿದ್ದರಂತೆ. ಆ ಕೆಲಸ ಕೈಗೆ ನೆನಪಿತ್ತು. ಕೋಟು ಕಳಚಿ, ನೆಲಕ್ಕೆ ಕೂತು, ನನ್ನ ಬೆರಳಿಗೆ ಅಂಟು ತುಂಬಿ ದಾರ ಸುತ್ತಿದರು. ಹೋಗುವಾಗ ಊಟಾಳಿಗೆ ಹೇಳಿದರು: "ನಿನ್ನ ಮೂರನೆಯ ಅಧ್ಯಾಯವನ್ನು ನಾನು ಈಗಲೂ ಒಪ್ಪುವುದಿಲ್ಲ. ಅಚ್ಚಿಗೆ ಕೊಡು. ಒಪ್ಪದೆ ಇರುವುದಕ್ಕೂ ಒಂದು ಪುಸ್ತಕ ಬೇಕಲ್ಲ."

ಪುಸ್ತಕ ಬಂತು. ಊಟಾ ನನ್ನನ್ನು ಅದೇ ಸೀರೆಯಲ್ಲಿ ಸುತ್ತಿಕೊಂಡು ಬೆಟಗೇರಿಗೆ ಬಂದಳು. ಅಷ್ಟರಲ್ಲಿ ಮೌನಪ್ಪ ತೀರಿಕೊಂಡಿದ್ದ. ಬುಡನಸಾಬನ ಬಿಲ್ಲು ಗೋಡೆಗೆ ಏರಿತ್ತು. ಗಾದಿಗಳು ಈಗ ಅಂಗಡಿಯಿಂದ ಬರುತ್ತಿದ್ದವು. ದಾವಲಬಿಯ ಕಣ್ಣು ಮಸಕಾಗಿತ್ತು. ಲೇಯಮ್ಮ ಬಂದಳು. ಸುದ್ದಿ ಕೇಳಿ ಲಾಲಸಾಬನೂ ಕೋಲೂರಿಕೊಂಡು ಬಂದು ಕೂತ.

"ಎಷ್ಟ ಸೊರಗಿದೀ ಯವ್ವಾ. ಅಲ್ಲಿ ರೊಟ್ಟಿ ಹಾಕವ್ರಿಲ್ಲೇನು?" ಎಂದು ದಾವಲಬಿ ಅವಳ ಗಲ್ಲ ಸವರಿದಳು. ಆಮೇಲೆ ಕೈ ಹಿಂದೆ ತೆಗೆದುಕೊಂಡು ನೆಟ್ಟಗೆ ಕೂತಳು. "ಬರದ್ಯಾ?"

"ಬರೆದೆ ಬೂಬು."

"ನಮ್ಮದು ನಕಲು ಅಂತ ಬರದೀಯೇನು?"

"ಇಲ್ಲ."

"ಮ್ಯಾಲಿಂದ ಇಳದು ಬಂದದ್ದು ಅಂತ ಬರದೀಯೇನು?"

ಲಾಲಸಾಬ ಕೋಲನ್ನು ಬಿಗಿಯಾಗಿ ಹಿಡಿದ. ಊಟಾ ಕಣ್ಣು ತಗ್ಗಿಸಲಿಲ್ಲ. "ಅದನ್ನೂ ಬರೆದಿಲ್ಲ. ಅದನ್ನು ತೂಗುವ ತಕ್ಕಡಿ ನನ್ನ ಬಳಿ ಇಲ್ಲ ಬೂಬು. ಯಾರ ಎದುರು ಆಡಿದ ಮಾತು, ಅವರು ಏನೇನು ಬಲ್ಲವರಾಗಿದ್ದರು, ಅಷ್ಟು ಬರೆದಿದ್ದೇನೆ. ನೀವು ಹೇಳಿದಿರಲ್ಲ, ಚಾಕು ಅಂದರೆ ಸಾಕು, ಹಣ್ಣನ್ನು ಕತೆ ಕೇಳುವವರೇ ತಂದುಕೊಳ್ಳುತ್ತಾರೆ ಎಂದು. ಪುಸ್ತಕ ಶುರುವಾಗುವುದೇ ಆ ಮಾತಿನಿಂದ."

"ನಾ ಹಂಗ ಅಂದಿದ್ನೇನು?" ದಾವಲಬಿ ಲೇಯಮ್ಮನ ಕಡೆ ತಿರುಗಿದಳು. "ನೆಪ್ಪಿಲ್ಲ ನನಗ."

"ಅಂದಿದ್ದಿ. ಚಹಾದಾಗ ಸಕ್ಕರಿ ಹಾಕೂದ ಮರತಿದ್ದಿ ಅವತ್ತು," ಎಂದಳು ಲೇಯಮ್ಮ.

ದಾವಲಬಿ ಸುಮಾರು ಹೊತ್ತು ಊಟಾಳ ಮುಖವನ್ನೇ ನೋಡಿದಳು, ಮಸಕು ಕಣ್ಣಿಗೆ ಕಂಡಷ್ಟು. "ತಿಳೀಲಾರದ್ದು ತಿಳೀತು ಅಂತ ಬರದಿಲ್ಲ. ಕೊಡು ಇಲ್ಲಿ" ಎಂದು ಕೈ ಚಾಚಿದಳು.

ಹೀಗೆ ನಾನು ಮತ್ತೆ ಅವಳ ಕೈಗೆ ಬಂದೆ. ಅವಳ ಬೆರಳು ನನ್ನ ಅಂಚನ್ನು ಸವರುತ್ತ ಹೋಗಿ, ದಾರ ಸುತ್ತಿದಲ್ಲಿ ನಿಂತಿತು. "ಇದೇನಿದು?"

ಊಟಾ ನಡೆದದ್ದನ್ನೆಲ್ಲ ಹೇಳಿದಳು. ದಾವಲಬಿ ನಗತೊಡಗಿದಳು. "ಮೌನಪ್ಪ ಇದ್ದಿದ್ರ ಆ ಮುದುಕನ ಕೈಮ್ಯಾಲ ಒಂದ ಕೊಡ್ತಿದ್ದ," ಎಂದಳು. ಆದರೆ ನಗು ಮುಗಿದ ಮೇಲೆ ದಾರ ಸುತ್ತಿದಲ್ಲಿ ಮತ್ತೆ ಒತ್ತಿ ನೋಡಿದಳು. ಮನೆಯವರೆಲ್ಲರಿಗೂ ಒಂದೇ ಯೋಚನೆ. ಬೆರಳು ಭಾರ ತಾಳೀತೇ? ಕುರಾನ್ ಇಟ್ಟು, ನಾನು ಕುಸಿದು, ಅದು ನೆಲಕ್ಕೆ ಬಿದ್ದರೆ? ಅದಕ್ಕಿಂತ ದೊಡ್ಡ ಸಂಕಟ ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

ಲೇಯಮ್ಮ ಎದ್ದು ಹೋಗಿ ತನ್ನ ದೊಡ್ಡ ಬೈಬಲ್ ಹಿಡಿದು ಬಂದಳು. "ಮೊದಲ ಇದನ್ನ ಇಟ್ಟ ನೋಡು ದಾವಲಕ್ಕ. ಬಿದ್ರ ನಮ್ಮದ ಬೀಳ್ಲಿ."

"ಯಾಕ? ನಿಮ್ಮದು ಬೀಳಬಹುದೇನು?" ದಾವಲಬಿಗೆ ನಿಜವಾಗಿಯೇ ಸಿಟ್ಟು ಬಂತು. "ಮೂಸಾ ನಬೀದು, ಈಸಾ ನಬೀದು ಐತಿ ಅದರಾಗ. ಒಯ್ದು ಇಡು ಅತ್ತಾಗ." ಒಂದು ಗಳಿಗೆ ಯೋಚಿಸಿ ಊಟಾಳ ಕಡೆ ಕೈ ಮಾಡಿದಳು. "ಈಕಿ ಬರದದ್ದು ಎಲ್ಲೈತಿ? ದಪ್ಪ ಐತಲ್ಲ? ಅದನ್ನ ಇಡ್ರಿ. ಬಿದ್ರ ಈಕೀದ ಬೀಳ್ಲಿ."

ಮೊದಲು ನಕ್ಕವನು ಲಾಲಸಾಬ. ಆಮೇಲೆ ಎಲ್ಲರೂ. ಊಟಾ ನಗುತ್ತಲೇ ಎರಡೂ ಕೈಯಿಂದ ತನ್ನ ಪುಸ್ತಕವನ್ನು ತಂದು ನನ್ನ ಮೇಲಿಟ್ಟಳು. ನನ್ನ ಜನ್ಮದಲ್ಲಿ ಕುರಾನಲ್ಲದ ಪುಸ್ತಕವೊಂದನ್ನು ಹೊತ್ತದ್ದು ಅವತ್ತೇ. ಬೆರಳಿನಲ್ಲಿ ಒಂದು ಸಣ್ಣ ಎಳೆತ ಕಂಡಿತು. ಮುದುಕರ ದಾರ ಬಿಗಿಯಿತು, ಅಂಟು ಹಿಡಿಯಿತು. ನಾನು ನಿಂತೆ. ಬುಡನಸಾಬ ಬಗ್ಗಿ ನಾಲ್ಕೂ ಕಡೆಯಿಂದ ನೋಡಿ, "ತಾಳ್ತೈತಿ" ಎಂದ.

ಊಟಾಳ ಪುಸ್ತಕವನ್ನು ಇಳಿಸಿ ಮಾಡದಲ್ಲಿಟ್ಟರು, ಹಸಿರು ಬಟ್ಟೆಯ ಕೆಳಗಿನ ಗೂಡಿನಲ್ಲಿ. ದಾವಲಬಿ ನನ್ನನ್ನು ಸೆರಗಿನಿಂದ ಒರೆಸಿ, ಕುರಾನ್ ಇಟ್ಟು, ಕಣ್ಣು ಕಾಣದಿದ್ದರೂ ಬೆರಳಿಟ್ಟು ಓದತೊಡಗಿದಳು. ಇಷ್ಟು ವರ್ಷ ಓದಿ ಎಲ್ಲ ಬಾಯಿಗೆ ಬರುತ್ತಿತ್ತಲ್ಲ.

ಈಗ ಅವರಾರೂ ಇಲ್ಲ. ನಾನು ದಾವಲಬಿಯ ಮೊಮ್ಮಗಳ ಮನೆಯಲ್ಲಿದ್ದೇನೆ, ಕಪಾಟಿನ ಮೇಲಿನ ತಂಪು ಮೂಲೆಯಲ್ಲಿ. ರಂಜಾನ್ ಬಂದರೆ ಇಳಿಸುತ್ತಾರೆ, ತಿಂಗಳು ಪೂರ್ತಿ ದುಡಿಯುತ್ತೇನೆ, ಮತ್ತೆ ಏರಿಸುತ್ತಾರೆ. ದಾರ ಹಳದಿಗಟ್ಟಿದೆ, ಬಿಚ್ಚಿಲ್ಲ. ಎಷ್ಟೋ ಜನ ನನ್ನನ್ನು ಕೈಗೆತ್ತಿಕೊಂಡು, ಎರಡು ಹಲಗೆಯೋ ಒಂದೋ ಎಂದು ಕೇಳುತ್ತಾರೆ. ಒಂದೇ ಎಂದರೆ ನಂಬದೆ ತಿರುಗಿಸಿ ನೋಡುತ್ತಾರೆ. ನೋಡಲಿ. ಮೆಲ್ಲಗೆ ತೆರೆದು ನೋಡುವವರ ಮೇಲೆ ನನಗೆ ಬೇಸರವಿಲ್ಲ. ನನ್ನ ಸಂದಿನಲ್ಲಿ ಬುಡನಸಾಬನ ಅರಳೆಯ ಒಂದು ಎಳೆ ಇನ್ನೂ ಇದೆ; ಯಾರ ಸೆರಗಿಗೂ ಸಿಗದೆ ಉಳಿದದ್ದು.